ಗೋಲಿನ ಮುಂದಿನ ಗರಿಕೆ

"ಸರ್, ಅದು ನಮ್ಮ ಥ್ರೋಬಾಲ್ ಜಾಗ!"

ಜೆಸ್ಸಿ ಓಡಿ ಬರುವಷ್ಟರಲ್ಲಿ ಹುಡುಗರು ಅಲ್ಲಿನ ಹಗ್ಗ ಬಿಚ್ಚಿ, ಗೋಲ್ ಕಂಬ ಹುಗಿಯಲು ಗುಂಡಿ ತೋಡುತ್ತಿದ್ದರು.

ಆಟದ ಮಾಸ್ತರರಾದ ಆಲ್ಫೋನ್ಸ್ ಸರ್ ಹಳೆಯ ಗೋಲಿನ ಕಡೆ ಕೈ ತೋರಿಸಿದರು. "ಅಲ್ಲಿ ನೋಡು. ಒಂದು ಎಸಳು ಹುಲ್ಲು ಉಂಟಾ? ಬರೀ ಕಲ್ಲು. ಗರಿಕೆ ನೆಡಬೇಕು. ಅದು ಬೇರು ಬಿಡುವವರೆಗೆ ಯಾರೂ ತುಳಿಯಬಾರದು. ಕ್ರಿಸ್‌ಮಸ್‌ವರೆಗೆ ಗೋಲು ಇಲ್ಲಿ."

"ನಾವು ಎಲ್ಲಿ ಆಡುವುದು ಸರ್?"

"ಅದು ಆಮೇಲೆ ನೋಡುವ."

ಕಾಪು ಹತ್ತಿರದ ಆ ಶಾಲೆಯ ಮೈದಾನದಲ್ಲಿ ಹುಡುಗಿಯರಿಗೆ ಇದ್ದದ್ದು ಅದೊಂದೇ ಮೂಲೆ. ಅಂದು ಸಂಜೆ ಆರನೇ ತರಗತಿಯ ಹುಡುಗಿಯರು ಜಗಲಿಯಲ್ಲಿ ಕಾಲು ಇಳಿಬಿಟ್ಟು ಕುಳಿತರು.

"ಇಡೀ ಗ್ರೌಂಡ್ ಅವರದ್ದೇ. ಈಗ ಮೂಲೆಯೂ ಬೇಕಾಯಿತು," ಎಂದಳು ಗೆಳತಿ ಸರಸ.

ಜೆಸ್ಸಿಗೆ ಅಳು ಬಂತು. ಹುಡುಗರು ನಗುತ್ತಾರೆಂದು ನುಂಗಿಕೊಂಡಳು. ಶಾಲೆಯ ಗೋಲ್ ಕೀಪರ್ ಅವಳ ಸ್ವಂತ ಅಣ್ಣ ಫೌಸ್ಟಿನ್. ಅವನೊಂದಿಗೆ ಮಾತೇ ಬೇಡವೆಂದು ಒಬ್ಬಳೇ ಮನೆಗೆ ನಡೆದಳು.

ಅಂದು ರಾತ್ರಿ ಸ್ನಾನಕ್ಕೆ ಅಂಗಿ ಬಿಚ್ಚುವಾಗ ಫೌಸ್ಟಿನ್ "ಆಯ್!" ಎಂದು ಕೂಗಿದ. ಬಟ್ಟೆ ಮೈಗೆ ಅಂಟಿಕೊಂಡಿತ್ತು. ಅಮ್ಮ ಬೆಚ್ಚಗಿನ ನೀರು ಹಾಕಿ ಮೆಲ್ಲನೆ ಬಿಡಿಸಿದಳು. ಪಕ್ಕೆಯಿಂದ ಸೊಂಟದವರೆಗೆ ಚರ್ಮ ತರಚಿತ್ತು. ಹಳೆಯ ಗಾಯದ ಮೇಲೆ ಹೊಸ ಗಾಯ.

"ದೇವರೇ! ಎಂತ ಇದು?"

"ಗೋಲ್ ಕೀಪರ್ ಬೀಳಲೇಬೇಕು ಮಾಯ್. ಹೇಳಿದರೆ ನೀನು ಆಡಲಿಕ್ಕೆ ಬಿಡುವುದಿಲ್ಲ."

"ಹೌದು, ಬಿಡುವುದಿಲ್ಲ! ನಾಳೆಯಿಂದ ಫುಟ್‌ಬಾಲ್ ಬಂದ್."

ಟಿಂಚರ್ ಹಚ್ಚಿದಾಗಲೂ ಅಳದ ಫೌಸ್ಟಿನ್‌ನ ತುಟಿ ಆ ಮಾತಿಗೆ ನಡುಗಿತು. ಅವನು ಇತ್ತೀಚೆಗೆ ಒಂದೇ ಮಗ್ಗುಲಲ್ಲಿ ಮಲಗುವುದೇಕೆಂದು ಜೆಸ್ಸಿಗೆ ಆಗ ತಿಳಿಯಿತು.

"ಮಾಯ್, ಗೋಲು ಈಗ ನಮ್ಮ ಜಾಗಕ್ಕೆ ಬಂದಿದೆ," ಎಂದಳು. "ಅಲ್ಲಿ ಒಳ್ಳೆ ಹುಲ್ಲುಂಟು. ಬಿದ್ದರೂ ಇಷ್ಟು ತಾಗುವುದಿಲ್ಲ."

ಫೌಸ್ಟಿನ್ ಅವಳನ್ನೇ ನೋಡಿದ.

"ಮೊದಲು ಗಾಯ ಒಣಗಲಿ, ಮತ್ತೆ ನೋಡುವ," ಎಂದಳು ಅಮ್ಮ.

ಗಾಯ ಒಣಗಿ ಫೌಸ್ಟಿನ್ ಮತ್ತೆ ಗೋಲಿನಲ್ಲಿ ನಿಂತಾಗ, ಹುಡುಗಿಯರ ಮೂಲೆಯ ಹುಲ್ಲು ಆಗಲೇ ನಡುವೆ ತೆಳ್ಳಗಾಗಿ ಕಂದಿತ್ತು. ಜೆಸ್ಸಿ ಆಲ್ಫೋನ್ಸ್ ಸರ್ ಬಳಿಗೆ ಹೋದಳು.

"ಸರ್, ಕ್ರಿಸ್‌ಮಸ್ ಬರುವಾಗ ಇದೂ ಬೋಳಾಗ್ತದೆ. ಗೋಲನ್ನು ಆಗಾಗ ಆಚೀಚೆ ಸರಿಸಬಹುದಲ್ವಾ? ವಾರದಲ್ಲಿ ಎರಡು ದಿನ ನಾವು ಗ್ರೌಂಡ್‌ನ ನಡುವೆ ಆಡುತ್ತೇವೆ. ಆ ದಿನ ಈ ಹುಲ್ಲಿಗೂ ರಜೆ."

"ಆಗ್ಲಿಕ್ಕಿಲ್ಲ!" ಎಂದ ತಂಡದ ಚೆನ್ನಪ್ಪ. "ನಮಗೆ ಮ್ಯಾಚ್ ಉಂಟು."

"ಮ್ಯಾಚ್ ಇಲ್ಲದವರು ಆಡುವುದೇ ಬೇಡವಾ ಮಾರಾಯ?" ಎಂದ ಫೌಸ್ಟಿನ್. "ನಾವು ನಿಂತದ್ದು ಅವರ ಜಾಗದಲ್ಲಿ. ಕಂಬ ಬೇಕಾದರೆ ನಾನು ಹೊರುತ್ತೇನೆ."

ಆಲ್ಫೋನ್ಸ್ ಸರ್ ಕಂದಿದ ಹುಲ್ಲನ್ನು ಕಾಲಬೆರಳಿನಿಂದ ಮುಟ್ಟಿ ನೋಡಿದರು. "ಸರಿ. ಮಂಗಳವಾರ, ಗುರುವಾರ ಹುಡುಗಿಯರಿಗೆ. ಆದರೆ ಗರಿಕೆ ನೆಟ್ಟು ಎಲ್ಲರೂ ನೀರು ಹಾಕಬೇಕು."

ಮಕ್ಕಳು ಗದ್ದೆಯ ಬದುವಿನಿಂದ ಗರಿಕೆಯ ಬುಡ ತಂದು ಹಳೆಯ ಗೋಲಿನ ಮುಂದೆ ನೆಟ್ಟು, ಸುತ್ತ ಹಗ್ಗ ಕಟ್ಟಿದರು. ದಿನಾ ಸಂಜೆ ಬಾವಿಯಿಂದ ಕೊಡಪಾನದಲ್ಲಿ ನೀರು ಹೊತ್ತರು. ಮೊದಲು ಅರ್ಧಕ್ಕರ್ಧ ಬಾಡಿತು. ಮತ್ತೆ ನೆಟ್ಟರು.

ಒಂದು ಗುರುವಾರ ಸರಸ ಎಸೆದ ಬಾಲ್ ಗರಿಕೆಯ ಹಗ್ಗದ ಆಚೆ ಹೋಗಿ ಬಿತ್ತು.

"ಹೋಗಿ ತಾ ಮಾರಾಯ್ತಿ! ಯಾರೂ ನೋಡುವುದಿಲ್ಲ!"

ಜೆಸ್ಸಿ ಹಗ್ಗ ಎತ್ತಿದಳು. ಕಾಲು ಇಡಲಿಲ್ಲ. ಬೋರಲಾಗಿ ಮಲಗಿ, ಪಕ್ಕದಲ್ಲಿ ಬಿದ್ದಿದ್ದ ತೆಂಗಿನ ಒಣ ಮಡಲು ಚಾಚಿ ಬಾಲನ್ನು ಎಳೆದುಕೊಂಡಳು. ಏಳುವ ಮೊದಲು, ಮುಖದ ಹತ್ತಿರವೇ ಇದ್ದ ಒಂದು ಗರಿಕೆಯನ್ನು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದಳು. ಅದು ಬರಲಿಲ್ಲ. ಕೆಂಪು ಮಣ್ಣು ಅದನ್ನು ಹಿಡಿದುಕೊಂಡಿತ್ತು.

"ಜೆಸ್ಸೀ, ಬಾಲ್!"

"ಬಂದೆ," ಎಂದಳು ಜೆಸ್ಸಿ. ಆದರೂ ಸ್ವಲ್ಪ ಹೊತ್ತು ಹಾಗೆಯೇ ಮಲಗಿದ್ದಳು.