ತಾತ ಕೆತ್ತಿದ ಗಿಳಿ ಬ್ಯಾಟ್

"ಕಣ್ಣು ಮುಚ್ಕೊ. ನಾನು ಹೇಳೋವರ್ಗೂ ತೆಗೀಬಾರ್ದು," ಅಂದರು ತಾತ.

ಕೋಮಲ ಕಣ್ಣು ಮುಚ್ಚಿ ಎರಡೂ ಕೈ ಚಾಚಿದಳು. ಕೈಮೇಲೆ ಏನೋ ಭಾರವಾಗಿ ಕೂತಿತು.

"ಈಗ ನೋಡವ್ವ."

ಹೊಸ ಬ್ಯಾಟ್. ಎಣ್ಣೆ ತಿಕ್ಕಿದ ಮರ ಹೊಳೆಯುತ್ತಿತ್ತು. ಬ್ಯಾಟಿನ ಮುಖದ ತುಂಬ ಬಳ್ಳಿಯೊಂದು ಸುತ್ತಿಕೊಂಡು ಮೇಲೇರಿತ್ತು. ನಡುವೆ ಒಂದು ಗಿಳಿ, ಕೊಕ್ಕಿನಲ್ಲಿ ಪುಟ್ಟ ಹಣ್ಣು ಹಿಡಿದು ಕೂತಿತ್ತು.

ಬಾಲ್ ಬಡಿಯಬೇಕಾದ ಜಾಗದಲ್ಲೇ ಗಿಳಿ ಇತ್ತು.

ಕರಿಯಣ್ಣ ತಾತ ಬಸ್ ಡ್ರೈವರ್ ಆಗಿದ್ದವರು. ಕ್ರಿಕೆಟ್ ಆಡಿದವರಲ್ಲ. ರಿಟೈರ್ ಆದಮೇಲೆ ಉಳಿ, ಸುತ್ತಿಗೆ ತಂದು ಮರದ ಕೆತ್ತನೆ ಶುರು ಮಾಡಿದ್ದರು. ಹಳೇಬೀಡಿನ ದೇವಸ್ಥಾನಕ್ಕೆ ಹೋಗಿ ಗೋಡೆ ನೋಡುವುದು, ಮನೆಗೆ ಬಂದು ಕೆತ್ತುವುದು. ಮನೆಯಲ್ಲಿ ಕೆತ್ತನೆ ಇಲ್ಲದ ಮರದ ಸಾಮಾನು ಅಂತ ಒಂದೂ ಉಳಿದಿರಲಿಲ್ಲ. ಕೋಮಲಳ ಹಳೇ ಬ್ಯಾಟ್ ಸೀಳಿಹೋದಾಗ, "ಕೊಂಡ್ಕೊಳ್ಳೋದ್ಯಾಕೆ, ನಾನೇ ಮಾಡ್ಕೊಡ್ತೀನಿ" ಅಂದಿದ್ದರು.

"ನನ್ ಮುದ್ದೆ ಕೋಲಿಗೂ ಬಳ್ಳಿ ಬಿಡ್ಸವ್ರೆ ನಿಮ್ ತಾತ," ತಿಮ್ಮಕ್ಕಜ್ಜಿ ಒಳಗಿಂದ ಹೇಳಿದರು. "ತೊಳೆದಷ್ಟೂ ಹಿಟ್ಟು ಬತ್ತಾನೇ ಐತೆ."

"ಹೆಂಗೈತವ್ವ?" ತಾತ ಕೇಳಿದರು. ಅವರ ಎರಡು ಬೆರಳಿಗೆ ಬಟ್ಟೆ ಸುತ್ತಿತ್ತು.

"ಚೆನ್ನಾಗೈತೆ ತಾತ."

ಗಿಳಿ ನಿಜವಾಗಿಯೂ ಚೆನ್ನಾಗಿತ್ತು. ಅದೇ ಕಷ್ಟವಾಗಿತ್ತು.

ಭಾನುವಾರ ಪಕ್ಕದ ಬೀದಿಯ ಸಂತು ಟೀಮಿನ ಜೊತೆ ಮ್ಯಾಚ್. ಹೋದ ಸಲ ಸೋತಾಗಿನಿಂದ ಕೋಮಲ ಈ ದಿನಕ್ಕೇ ಕಾದಿದ್ದಳು. ಯಾರ ಹತ್ತಿರವಾದರೂ ಬೇರೆ ಬ್ಯಾಟ್ ಕೇಳಬಹುದಿತ್ತು. ಆದರೆ ತಾತ ಛತ್ರಿ ಹಿಡಿದು ಆಗಲೇ ಮ್ಯಾಚ್ ನೋಡಲು ಬಯಲಿನ ಪಕ್ಕದ ಕೆರೆ ಏರಿ ಮೇಲೆ ಕೂತಿದ್ದರು. ಅವರ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದ ದ್ಯಾವಯ್ಯನೂ ಪಕ್ಕದಲ್ಲಿದ್ದರು. ಕೋಮಲ ಗಿಳಿಯನ್ನು ಎದೆಗೆ ಒತ್ತಿ ಮರೆಮಾಡಿಕೊಂಡು ಬಯಲಿಗೆ ಇಳಿದಳು.

ಬ್ಯಾಟ್ ಹಿಡಿದು ನಿಂತ ಮೇಲೆ ಮರೆಮಾಡುವುದು ಹೇಗೆ?

"ಏನೇ, ದೇವಸ್ಥಾನದ ಬಾಗ್ಲು ಕಿತ್ಕೊಂಡ್ ಬಂದಿದ್ದೀಯಾ?" ಅಂದ ಸಂತು. "ಬಾಲ್ ಹಾಕ್ಬೇಕಾ, ಕೈ ಮುಗೀಬೇಕಾ?"

ಎಲ್ಲರೂ ನಕ್ಕರು.

"ಸುಮ್ನೆ ಹಾಕೋ."

ಕಾರ್ಕ್ ಬಾಲ್ ಬಳ್ಳಿಗೆ ತಗುಲಿ ಪಕ್ಕಕ್ಕೆ ಹಾರಿತು. ಸ್ವಲ್ಪದರಲ್ಲೇ ಕ್ಯಾಚ್ ತಪ್ಪಿತು. ಕೋಮಲ ಬ್ಯಾಟ್ ನೋಡಿದಳು. ಒಂದು ಎಲೆಯ ತುದಿ ಮುರಿದಿತ್ತು. ಇನ್ನೊಂದು ಬಾಲ್ ಬಿದ್ದರೆ ಗಿಳಿಯ ಕೊಕ್ಕೇ ಹೋಗಬಹುದು. ತಾತನ ಬಟ್ಟೆ ಸುತ್ತಿದ ಬೆರಳುಗಳು ನೆನಪಾದವು.

ಅವಳು ಬ್ಯಾಟನ್ನು ಹಿಂದುಮುಂದಾಗಿ ತಿರುಗಿಸಿ ಹಿಡಿದಳು.

"ಯಾಕವ್ವ ತಿರುಗಿಸ್ದೆ?" ತಾತ ಏರಿಯಿಂದ ಕೂಗಿದರು.

"ಗಿಳಿಗೆ ಏಟು ಬೀಳತ್ತೆ ತಾತ."

ತಾತ ಛತ್ರಿ ಮಡಿಸಿದರು. ಮತ್ತೆ ಬಿಚ್ಚಿದರು. "ಅಯ್ಯೋ ಶಿವನೇ, ಚೆಂಡು ಬೀಳೋ ಕಡೇಗೇ ಕೆತ್ಬುಟ್ನಾ?"

"ಅಷ್ಟೊರ್ಷ ಬಸ್ ಓಡ್ಸಿದೆ, ಹಿಂದು ಮುಂದು ಗೊತ್ತಾಗ್ಲಿಲ್ವೇನ್ಲಾ?" ಅಂದರು ದ್ಯಾವಯ್ಯ. ಎಲ್ಲರಿಗಿಂತ ಜೋರಾಗಿ ನಕ್ಕವರು ತಾತನೇ.

ಬ್ಯಾಟಿನ ಬೆನ್ನು ಉಬ್ಬಾಗಿತ್ತು. ಬಾಲ್ ಎತ್ತೆತ್ತಲೋ ಹೋಗುತ್ತಿತ್ತು. ಆದರೂ ಕೋಮಲ ಓಡಿ ಓಡಿ ರನ್ ಕೂಡಿಸಿದಳು.

ಆಮೇಲೆ ಸಂತು ಟೀಮಿನ ಬ್ಯಾಟಿಂಗ್. ಕೊನೇ ಓವರಿನಲ್ಲಿ ಸಂತುವಿನ ಬ್ಯಾಟಿನ ಹಿಡಿ ಕಿತ್ತು ಕೈಗೆ ಬಂತು. ಗೆಲ್ಲಲು ಇನ್ನೂ ಎರಡು ರನ್ ಬೇಕು. ಉಳಿದಿದ್ದು ಒಂದೇ ಬಾಲ್.

"ನಿನ್ ಬ್ಯಾಟ್ ಕೊಡೇ," ಅಂದ.

ಕೋಮಲ ಕೊಟ್ಟಳು.

ಸಂತು ಗಿಳಿಯನ್ನು ನೋಡಿದ. ಏರಿಯ ಮೇಲಿದ್ದ ಛತ್ರಿಯನ್ನೂ ನೋಡಿದ. ಆಮೇಲೆ ಬ್ಯಾಟ್ ತಿರುಗಿಸಿಕೊಂಡು ನಿಂತ.

ಬಾಲ್ ಉಬ್ಬಿಗೆ ತಗುಲಿ ಅಲ್ಲೇ ಹತ್ತಿರ ಬಿತ್ತು. ಒಂದೇ ರನ್. ಮ್ಯಾಚ್ ಟೈ.

"ತಿರುಗಿಸ್ದೇ ಇದ್ದಿದ್ರೆ ಗೆಲ್ತಿದ್ವಲ್ಲೋ," ಅಂತ ಅವನ ಟೀಮಿನವರು ಗೊಣಗಿದರು. ಸಂತು ಕೇಳಿಸಿಕೊಳ್ಳಲಿಲ್ಲ. ಅಂಗಿಯ ತುದಿಯಿಂದ ಬ್ಯಾಟಿನ ಧೂಳು ಒರೆಸಿ ಕೋಮಲಳಿಗೆ ಕೊಟ್ಟ.

"ಕೊಕ್ಕು ನೆಟ್ಟಗೈತೆ, ನೋಡ್ಕೊ."

ಕೋಮಲ ಬ್ಯಾಟ್ ಹೆಗಲಿಗೇರಿಸಿ ತಾತನ ಜೊತೆ ಮನೆಗೆ ಹೊರಟಳು. ಸ್ವಲ್ಪ ದೂರ ಹೋದವಳು ನಿಂತು, ಗಿಳಿ ಬೀದಿಗೆ ಕಾಣುವ ಹಾಗೆ ಅದನ್ನು ತಿರುಗಿಸಿಕೊಂಡಳು.