ಎರಡು ಬ್ಯಾನರ್, ಒಂದೇ ಮುಖ

"ಏಯ್ ಗುಂಗುರು, ನಿನ್ನ ತಲೆ ಮೇಲೆ ಕಾಗೆ ಕೂತಿದೆ ನೋಡೇ!"

ಗೆಳತಿ ಕಿರುಚಿದ್ದೇ ತಡ, ಗುಂಗುರು ಎರಡೂ ಕೈಯಲ್ಲಿ ತಲೆ ಕೊಡವಿಕೊಂಡಳು. ಕಾಗೆಯೂ ಇಲ್ಲ, ಗೀಗೆಯೂ ಇಲ್ಲ. ಗೆಳತಿ ಹೊಟ್ಟೆ ಹಿಡಿದುಕೊಂಡು ನಗುತ್ತಾ ಮೇಲೆ ಬೆರಳು ತೋರಿಸಿದಳು.

ಮೆಡಿಕಲ್ ಶಾಪಿನ ಮೇಲೆ, ಟೈ ಸರ್ ಟ್ಯೂಷನ್ ನಡೆಸುವ ಮಹಡಿಗೆ ದೊಡ್ಡದೊಂದು ಬ್ಯಾನರ್ ಕಟ್ಟಿದ್ದರು. ಅದರ ತುಂಬ ಅವಳದೇ ಮುಖ! ಎಲ್ಲರೂ ಅವಳನ್ನು 'ಗುಂಗುರು' ಎಂದು ಕರೆಯಲು ಕಾರಣವಾದ ಅದೇ ಸುರುಳಿ ಕೂದಲು, ಅದೇ ಅರ್ಧ ಮುರಿದ ಹಲ್ಲು. ಕತ್ತಿನಲ್ಲಿ ಮಾತ್ರ ಅವಳು ಯಾವತ್ತೂ ಕಟ್ಟಿರದ ಕೆಂಪು ಟೈ. ಕಾಗೆಯೊಂದು ಬ್ಯಾನರಿನ ಅಂಚಿನಲ್ಲಿ ಆರಾಮಾಗಿ ಕೂತಿತ್ತು.

'ಎಲ್ಲ ಶಾಲೆಗಳ ಗಣಿತ ಸ್ಪರ್ಧೆಯ ಮೊದಲ ಸುತ್ತಿನಲ್ಲಿ ಪ್ರಥಮ! ನಮ್ಮ ಹೆಮ್ಮೆಯ ವಿದ್ಯಾರ್ಥಿನಿ!' ಎಂದು ಕೆಳಗೆ ಬರೆದಿತ್ತು.

"ನೀನು ಟೈ ಸರ್ ಹತ್ರ ಟ್ಯೂಷನ್‌ಗೆ ಹೋಗ್ತೀಯಾ? ನಂಗೆ ಹೇಳೇ ಇಲ್ಲ!"

"ಇಲ್ವೇ! ಫ್ರೀ ಡೆಮೊ ಕ್ಲಾಸ್ ಅಂತ ಒಂದಿನ ಹೋಗಿದ್ದೆ ಅಷ್ಟೆ. ಅವತ್ತು ಕರೆಂಟೇ ಇರ್ಲಿಲ್ಲ. ಒಂದು ಪೆನ್ ಕೊಟ್ಟು ಕಳಿಸಿದ್ರು. ಅದೂ ಬರೀಲಿಲ್ಲ."

ಮಾರನೆಯ ದಿನ ಎದುರಿನ ಟೈರ್ ಅಂಗಡಿಯ ಮೇಲೆ ಇನ್ನೊಂದು ಬ್ಯಾನರ್ ಬಂತು. ಅದು ಮೊದಲಿನದಕ್ಕಿಂತ ದೊಡ್ಡದು. ಅದರಲ್ಲೂ ಗುಂಗುರುವೇ. ಆದರೆ ಪೌಡರ್ ಡಬ್ಬಿಯೊಳಗೆ ಬಿದ್ದು ಎದ್ದು ಬಂದಷ್ಟು ಬೆಳ್ಳಗಿದ್ದಳು. 'ಇವಳು ನಮ್ಮವಳು! ನಕಲಿಗಳನ್ನು ನಂಬಬೇಡಿ!'

ಅದು ಮೈಕ್ ಸರ್ ಟ್ಯೂಷನ್. ಎದುರಿಗೆ ನಾಲ್ಕೇ ಮಕ್ಕಳಿದ್ದರೂ ಅವರು ಕಾಲರಿಗೆ ಮೈಕ್ ಸಿಕ್ಕಿಸಿಕೊಂಡೇ ಪಾಠ ಮಾಡುತ್ತಿದ್ದರು. ಟೈ ಸರ್‌ಗೂ ಅವರಿಗೂ ಹಾವು ಮುಂಗುಸಿ ಸಂಬಂಧ. ಟೈ ಸರ್ ಹೊಸ ಹುಡುಗರಿಗೆ ಬ್ಯಾಗ್ ಕೊಟ್ಟರೆ, ಮೈಕ್ ಸರ್ ಬ್ಯಾಗಿನ ಜೊತೆ ನೀರಿನ ಬಾಟಲಿಯನ್ನೂ ಕೊಡುತ್ತಿದ್ದರು. ಟೈ ಸರ್ ಬೆಳಗ್ಗೆ ಆರಕ್ಕೆ ಕ್ಲಾಸ್ ಶುರು ಮಾಡಿದರೆ, ಮೈಕ್ ಸರ್ ಐದೂವರೆಗೇ ಬಾಗಿಲು ತೆಗೆಯುತ್ತಿದ್ದರು. ಮಕ್ಕಳು ಆಕಳಿಸುತ್ತಾ ಆ ಮೆಟ್ಟಿಲನ್ನೂ ಹತ್ತುತ್ತಿದ್ದರು, ಈ ಮೆಟ್ಟಿಲನ್ನೂ ಹತ್ತುತ್ತಿದ್ದರು. ಲೆಕ್ಕ ಮಾತ್ರ ಯಾರ ತಲೆಗೂ ಹತ್ತುತ್ತಿರಲಿಲ್ಲ.

ವಿಷಯ ಕೇಳಿ ಅಕ್ಕ ಮೂಗು ಮುರಿದಳು. "ನೋಡ್ತಿರು, ನಾಳೆ ಟೈರ್ ಅಂಗಡಿಯವನೂ ಬ್ಯಾನರ್ ಹಾಕ್ತಾನೆ. 'ನಮ್ಮ ಟೈರಿನ ವಾಸನೆ ಕುಡಿದು ಫಸ್ಟ್ ಬಂದ ಹುಡುಗಿ' ಅಂತ!"

ಗುಂಗುರು ಬಿದ್ದು ಬಿದ್ದು ನಕ್ಕಳು.

ನಿಜ ಹೇಳಬೇಕೆಂದರೆ ಅವಳಿಗೆ ಲೆಕ್ಕ ಹೇಳಿಕೊಟ್ಟವಳು ಅಕ್ಕ. ಅಕ್ಕ ಕಾಲೇಜಿನಿಂದ ಬಂದ ಮೇಲೆ ತಾರಸಿಯಲ್ಲಿ ಒಣಗಿದ ಬಟ್ಟೆ ಮಡಚುತ್ತಾ ಪಾಠ ಮಾಡುತ್ತಿದ್ದಳು. "ಮಂಡೆಯೊಳಗೆ ಹತ್ತಿ ತುಂಬ್ಕೊಂಡಿದ್ದೀಯೇನೇ?" ಎಂದು ಬೈಯುತ್ತಿದ್ದಳು. ಆದರೆ ಲೆಕ್ಕ ಅರ್ಥವಾಗುವವರೆಗೆ ಗುಂಗುರುವನ್ನು ಕೆಳಗಿಳಿಯಲು ಬಿಡುತ್ತಿರಲಿಲ್ಲ.

ಆ ಸಂಜೆ ಟೈ ಸರ್ ಮನೆಗೇ ಬಂದರು. ಅವರ ಕೈಯಲ್ಲಿ ಹೊಳೆಯುವ ಸ್ಕೂಲ್ ಬ್ಯಾಗ್. ಅವರು ಸೋಫಾದಲ್ಲಿ ಕೂತು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಮತ್ತೆ ಬೆಲ್ ಆಯಿತು. ಮೈಕ್ ಸರ್! ಅವರ ಕೈಯಲ್ಲಿ ವಾಚಿನ ಡಬ್ಬಿ.

ಮನೆಯಲ್ಲಿ ಇದ್ದದ್ದು ಒಂದೇ ಸೋಫಾ. ಇಬ್ಬರೂ ಎರಡು ತುದಿಗೆ ಅಂಟಿಕೊಂಡು, ಒಬ್ಬರು ಕಿಟಕಿ ಕಡೆ, ಇನ್ನೊಬ್ಬರು ಗೋಡೆ ಕಡೆ ನೋಡುತ್ತಾ ಕೂತರು. ಫ್ರಿಜ್ ರಿಪೇರಿ ಮಾಡುವ ಅಪ್ಪನಿಗೆ ಇಷ್ಟು ದೊಡ್ಡವರು ಮನೆಗೆ ಬಂದಿದ್ದಾರೆಂದು ಒಳಗೊಳಗೇ ಖುಷಿ. ಅಕ್ಕ ಟೀ ತರಲು ಒಳಗೆ ಹೋದಳು.

"ಅಡಿಪಾಯ ಹಾಕಿದ್ದು ನಾವು ಸರ್," ಎಂದರು ಟೈ ಸರ್. "ಡೆಮೊ ಕ್ಲಾಸಲ್ಲೇ ನಾನು ಈ ಮಗೂನ ಗುರುತು ಹಿಡಿದುಬಿಟ್ಟೆ."

"ಡೆಮೊ ಅಂತೆ!" ಮೈಕ್ ಸರ್ ಗೋಡೆಗೆ ಹೇಳಿದರು. "ನನ್ನ ಮೈಕಿನ ಸೌಂಡು ಈ ರಸ್ತೆಗೆಲ್ಲ ಕೇಳುತ್ತೆ. ಮಗು ಕಿಟಕಿ ಹತ್ರ ಕೂತ್ಕೊಂಡೇ ಪೂರ್ತಿ ಸಿಲಬಸ್ ಕಲ್ತಿದ್ದಾಳೆ!"

"ಸೌಂಡಿಂದ ಕಲಿಯೋದಾದ್ರೆ ಬೀದಿ ನಾಯಿಗಳೂ ಫಸ್ಟ್ ಬರ್ಬೇಕಿತ್ತು."

"ಕರೆಂಟ್ ಇಲ್ಲದ ಕ್ಲಾಸಲ್ಲಿ ಕತ್ತಲೆ ಬಿಟ್ಟು ಇನ್ನೇನು ಕಲೀತಾರೆ?"

"ಮಗೂನೇ ಕೇಳೋಣ," ಎಂದರು ಟೈ ಸರ್. "ಹೇಳಮ್ಮ, ನಿಂಗೆ ಲೆಕ್ಕ ಹೇಳ್ಕೊಟ್ಟಿದ್ದು ಯಾರು?"

ಎಲ್ಲರೂ ಅವಳನ್ನೇ ನೋಡಿದರು. ಅಕ್ಕ ಟೀ ತಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ಗುಂಗುರು ಬ್ಯಾಗ್ ನೋಡಿದಳು, ಅದಕ್ಕೆ ಮೂರು ಜಿಪ್ ಇತ್ತು. ವಾಚ್ ನೋಡಿದಳು, ಅದರ ಮುಳ್ಳು ಕತ್ತಲಲ್ಲೂ ಹೊಳೆಯುತ್ತದಂತೆ.

"ಇಬ್ರೂ," ಎಂದಳು.

ಸರ್‌ಗಳಿಬ್ಬರೂ ಅಪ್ಪನ ಕೈ ಕುಲುಕಿದರು. ಇಡೀ ವರ್ಷ ಫೀಸೇ ಬೇಡ ಎಂದರು. ಮೂರು ದಿನ ಅಲ್ಲಿ, ಮೂರು ದಿನ ಇಲ್ಲಿ ಎಂದು ತೀರ್ಮಾನವಾಯಿತು. ಅಕ್ಕ ಟೀ ಇಟ್ಟು, ತಂಗಿಯ ಕಡೆ ತಿರುಗಿಯೂ ನೋಡದೆ ತಾರಸಿಗೆ ಹೋದಳು. ಅವಳು ಬೈದಿದ್ದರೇ ಚೆನ್ನಾಗಿತ್ತು ಎನಿಸಿತು ಗುಂಗುರುವಿಗೆ.

ಟ್ಯೂಷನ್‌ನಲ್ಲಿ ಎರಡೂ ಕಡೆ ಅವಳನ್ನು ಕಿಟಕಿ ಪಕ್ಕದ ಮೊದಲ ಬೆಂಚಿನಲ್ಲಿ ಕೂರಿಸಿದರು. ಅಡ್ಮಿಷನ್ ಕೇಳಲು ಯಾರಾದರೂ ಬಂದರೆ ಸರ್ ಕೂಡಲೇ ಅವಳ ತಲೆ ಸವರಿ, "ಇವಳೇ!" ಎನ್ನುತ್ತಿದ್ದರು. ಬಂದವರು ಬಟ್ಟೆ ಅಂಗಡಿಯ ಗೊಂಬೆಯನ್ನು ನೋಡುವ ಹಾಗೆ ಅವಳನ್ನು ಮೇಲಿಂದ ಕೆಳಗೆ ನೋಡುತ್ತಿದ್ದರು.

ಒಂದು ದಿನ ಭಿನ್ನರಾಶಿಯ ಲೆಕ್ಕ ತಿಳಿಯಲಿಲ್ಲ. ಗುಂಗುರು ಕೈ ಎತ್ತಿದಳು. "ಸರ್, ಡೌಟು."

ಟೈ ಸರ್ ಗಡಿಬಿಡಿಯಿಂದ ಬಾಗಿಲ ಕಡೆ ನೋಡಿ, ಬಗ್ಗಿ ಅವಳ ಕಿವಿಯಲ್ಲಿ ಹೇಳಿದರು: "ನೀನೇ ಡೌಟ್ ಕೇಳಿದ್ರೆ ಹೇಗಮ್ಮ? ಪೇರೆಂಟ್ಸ್ ಇದ್ದಾರೆ. ಕೈ ಇಳಿಸು."

ಮೈಕ್ ಸರ್ ಹತ್ತಿರ ಕೇಳಿದ್ದಕ್ಕೆ ಅವರು ಮೈಕಿನಲ್ಲೇ ಗುಡುಗಿದರು: "ನೋಡಿ ಮಕ್ಕಳೇ, ನಮ್ಮ ಟಾಪರ್ ತಮಾಷೆ ಮಾಡ್ತಿದ್ದಾಳೆ!"

ಎಲ್ಲರೂ ನಕ್ಕರು. ಅವಳೂ ನಗಬೇಕಾಯಿತು. ಆಮೇಲೆ ಅವಳು ಕೈ ಎತ್ತಲಿಲ್ಲ. ಮನೆಯಲ್ಲಿ ಅಕ್ಕನನ್ನು ಕೇಳೋಣವೆಂದು ಪುಸ್ತಕ ಹಿಡಿದು ತಾರಸಿಯ ಮೆಟ್ಟಿಲವರೆಗೆ ಹೋದವಳು, ಆ 'ಇಬ್ರೂ' ನೆನಪಾಗಿ ಹಾಗೇ ವಾಪಸ್ ಬಂದಳು.

ಸ್ಪರ್ಧೆಯ ಎರಡನೇ ಸುತ್ತು ಬಂತು. ಪೇಪರಿನ ತುಂಬ ಭಿನ್ನರಾಶಿ. ಫಲಿತಾಂಶದ ದಿನ ಎಷ್ಟು ಹುಡುಕಿದರೂ ಗುಂಗುರುವಿನ ಹೆಸರು ಕಾಣಲಿಲ್ಲ.

ಶನಿವಾರ ಅವಳು ಟೈ ಸರ್ ಟ್ಯೂಷನ್‌ಗೆ ಹೋದಾಗ ಬಾಗಿಲಲ್ಲಿ ಯಾರೋ ಕೇಳುತ್ತಿದ್ದರು: "ಬ್ಯಾನರಲ್ಲಿದ್ದ ಹುಡುಗಿ ಈ ಸಲ ಏನಾದ್ಲು ಸರ್?"

"ಅಯ್ಯೋ, ಅವಳು ಎದುರಿನವರ ಸ್ಟೂಡೆಂಟು," ಎಂದರು ಟೈ ಸರ್, ಮುಖದಲ್ಲಿ ಒಂದು ಗೆರೆಯೂ ಅಲುಗದೆ.

ಗುಂಗುರು ಮೆಟ್ಟಿಲಿಳಿದು ರಸ್ತೆಗೆ ಬಂದಳು. ಎದುರಿನ ಮಹಡಿಯಿಂದ ಮೈಕ್ ಸರ್ ದನಿ ಬೀದಿಗೆಲ್ಲ ಕೇಳುತ್ತಿತ್ತು: "ಅದು ಆಚೆಯವರ ಹುಡುಗಿ, ನಮ್ಮದಲ್ಲ! ಈ ಕಡೆ ಬನ್ನಿ, ಫಾರಂ ತುಂಬಿ!"

ಅವಳು ಓಡಿ ಮನೆಗೆ ಬಂದು ತಾರಸಿಯ ಮೂಲೆಯಲ್ಲಿ ಕೂತು ಅತ್ತಳು. ಅಕ್ಕ ಬಟ್ಟೆ ತೆಗೆಯಲು ಬಂದಳು. ಸಮಾಧಾನ ಮಾಡಲಿಲ್ಲ, ಅಳಬೇಡ ಎಂದೂ ಹೇಳಲಿಲ್ಲ. ಒಂದು ಟವೆಲ್ ಅವಳ ಮೇಲೆ ಎಸೆದು, "ಮೂಗು ಒರೆಸ್ಕೊ. ಯಾವ ಲೆಕ್ಕ ತಪ್ಪಿದ್ದು, ತೋರಿಸು," ಎಂದಳು.

ಕತ್ತಲಾಗುವ ತನಕ ಭಿನ್ನರಾಶಿ ನಡೆಯಿತು. ಅಕ್ಕ ಹೊಟ್ಟೆ ತುಂಬ ಬೈದಳು.

ಮುಂದಿನ ವಾರ ಗುಂಗುರು ಆ ರಸ್ತೆಯಲ್ಲೇ ಬರುತ್ತಿದ್ದಳು. ಎರಡೂ ಬ್ಯಾನರ್ ಬದಲಾಗಿದ್ದವು. ಎರಡರಲ್ಲೂ ಎರಡನೇ ಸುತ್ತಿನಲ್ಲಿ ಫಸ್ಟ್ ಬಂದ ಒಬ್ಬ ದಪ್ಪ ಕನ್ನಡಕದ ಹುಡುಗ. ಒಂದು ಕಡೆ ಟೈ ಕಟ್ಟಿದ್ದರು, ಇನ್ನೊಂದು ಕಡೆ ಮುಖಕ್ಕೆ ಸುಣ್ಣ ಬಳಿದಿದ್ದರು.

ಆ ಹುಡುಗ ಮೆಡಿಕಲ್ ಶಾಪಿನ ಪಕ್ಕದ ಮೆಟ್ಟಿಲ ಬುಡದಲ್ಲೇ ನಿಂತಿದ್ದ. ಒಂದೊಂದು ಭುಜಕ್ಕೆ ಒಂದೊಂದು ಹೊಸ ಬ್ಯಾಗು. ಗುಂಗುರುವನ್ನು ಕಂಡು ಕನ್ನಡಕ ಸರಿ ಮಾಡಿಕೊಂಡ.

"ಮೊದ್ಲು ಇಲ್ಲಿದ್ದದ್ದು ನೀನೇ ಅಲ್ವಾ?"

"ಹೂಂ."

"ಅವತ್ತು ನಿಂಗೆ ಅಷ್ಟು ಚೆನ್ನಾಗಿ ಹೇಳ್ಕೊಟ್ಟಿದ್ದು ಯಾರು? ಈ ಸರ್ರಾ, ಆ ಸರ್ರಾ? ಯಾರ ಹತ್ರ ಸೇರೋದು ಅಂತ ಅಮ್ಮನಿಗೆ ಗೊತ್ತಾಗ್ತಿಲ್ಲ."

ಮೇಲಿನಿಂದ ಟೈ ಸರ್ ಕಿಟಕಿಯಲ್ಲಿ ತಲೆ ಹಾಕಿ, "ಬೇಗ ಬಾ ಪುಟ್ಟಾ, ಪೇರೆಂಟ್ಸ್ ಕಾಯ್ತಿದ್ದಾರೆ!" ಎಂದರು. ಗುಂಗುರುವನ್ನು ನೋಡಿದರೂ ನೋಡದವರ ಹಾಗೆ ತಲೆ ಒಳಗೆಳೆದುಕೊಂಡರು.

ಹುಡುಗ ಒಂದು ಮೆಟ್ಟಿಲು ಹತ್ತಿ, ಉತ್ತರಕ್ಕಾಗಿ ಹಿಂದೆ ತಿರುಗಿ ನಿಂತ.

"ನಮ್ಮಕ್ಕ," ಎಂದಳು ಗುಂಗುರು. ಸಾಲದು ಎನಿಸಿತು. ಕಿಟಕಿಗೂ ಎದುರಿನ ಮಹಡಿಗೂ ಕೇಳುವ ಹಾಗೆ ಇನ್ನೊಮ್ಮೆ ಕೂಗಿ ಹೇಳಿದಳು: "ಲೆಕ್ಕ ಹೇಳ್ಕೊಟ್ಟಿದ್ದು ನಮ್ಮಕ್ಕ!"