ಬೂದು ಬಣ್ಣದ ಶರ್ಟು

ಕೂಗಬೇಕೇ? ಬೇಡವೇ?

ಕೂಗಿದರೆ ಗನ್ ನನ್ನ ಕಡೆ ತಿರುಗುತ್ತದೆ. ತಿರುಗಲಿ. ಆದರೆ ಕೂಗಿದ ಮೇಲೂ ಅವು ಓಡದಿದ್ದರೆ...?

ಬಿದ್ದ ಮರದ ಹಿಂದೆ ಬೋರಲು ಮಲಗಿದ್ದೆ. ಬಾಯಿಯಲ್ಲಿ ಮಣ್ಣು. ಎದುರಿಗೆ ಅತ್ತಿ ಮರದ ಬುಡದಲ್ಲಿ ನನ್ನ ಕೋತಿಗಳು ಉದುರಿದ ಹಣ್ಣು ಆರಿಸಿ ತಿನ್ನುತ್ತಿದ್ದವು. ಅವುಗಳ ನಡುವೆಯೇ ಒಬ್ಬ ನಿಂತಿದ್ದ. ಕೈಯಲ್ಲಿ ಒಂಟಿ ನಳಿಕೆಯ ಬಂದೂಕು. ಹಿಂದೆ ಇನ್ನೊಬ್ಬ, ಗೋಣಿಚೀಲ ಹಿಡಿದು.

ಒಂದು ಕೋತಿಯೂ ಓಡಲಿಲ್ಲ!

ಏಕೆಂದರೆ ಬಂದೂಕಿನವನು ತೊಟ್ಟಿದ್ದ ಬೂದು ಶರ್ಟು ನನ್ನದು; ಒಣಗಲು ಹಾಕಿದ್ದ ಹಗ್ಗದಿಂದ ಕಾಣೆಯಾಗಿದ್ದದ್ದು.

"ಟೊಕ್... ಟೊಕ್..."

ನಾಲಿಗೆಯಿಂದ ಸದ್ದು ಮಾಡಿದ. ಆ ಸದ್ದೂ ನನ್ನದೇ.

ನಿಮಗೆ ನಮ್ಮ ಕಸುಬು ಗೊತ್ತಿಲ್ಲ. ಕಾಡಿನ ಕೋತಿ ಮನುಷ್ಯನನ್ನು ಕಂಡರೆ ಓಡುತ್ತದೆ. ಓಡುವುದನ್ನು ಅಧ್ಯಯನ ಮಾಡಿ ಏನು ಉಪಯೋಗ? ಆದ್ದರಿಂದ ಮೊದಲು ಅವಕ್ಕೆ ನಮ್ಮ ರೂಢಿ ಮಾಡಿಸಬೇಕು. ದಿನಾ ಅದೇ ಬಣ್ಣದ ಶರ್ಟು. ಬಂದೆ ಎಂದು ತಿಳಿಸಲು ಅದೇ ಸದ್ದು. ತಿನ್ನಲು ಕೊಡಬಾರದು, ಮುಟ್ಟಬಾರದು, ಕಣ್ಣಲ್ಲಿ ಕಣ್ಣಿಡಬಾರದು. ಜಿಗಣೆ ಕಚ್ಚಿದರೂ ಕಲ್ಲಿನ ಹಾಗೆ ಕೂತಿರಬೇಕು... ವರ್ಷಗಟ್ಟಲೆ!

ಕೊನೆಗೊಂದು ದಿನ ಗುಂಪಿನ ಹಿರಿಯಳು ನನ್ನ ಪಕ್ಕದಲ್ಲೇ ಕಾಲು ಚಾಚಿ ನಿದ್ದೆ ಹೋದಳು. ಅವಳಿಗೆ ಅಜ್ಜಿ ಎಂದು ಹೆಸರಿಟ್ಟೆ. ಅವಳ ಮಗಳು ಹರಕು ಕಿವಿ. ಅಂದು ಸಂಜೆ ತಗಡಿನ ಸೂರಿನ ನನ್ನ ರೂಮಿನಲ್ಲಿ ಒಬ್ಬನೇ ಅನ್ನ ಬೇಯಿಸುತ್ತ ಅತ್ತಿದ್ದೆ. ಊರು, ಮನೆ, ಜನ ಎಲ್ಲ ಬಿಟ್ಟು ಬಂದವನಿಗೆ ಯಾರೋ ಮನೆಯೊಳಗೆ ಬಾ ಎಂದಂತಾಗಿತ್ತು.

ಈಗ ಬಂದೂಕು ಹರಕು ಕಿವಿಯ ಕಡೆ ಏಳುತ್ತಿತ್ತು. ಅವಳ ಹೊಟ್ಟೆಗೆ ಅಂಟಿಕೊಂಡಿದ್ದ ಮರಿ ಮಾರಾಟದ ಮಾಲು. ತಾಯಿ ಜೀವಂತ ಇದ್ದರೆ ಮರಿ ಸಿಗುವುದಿಲ್ಲ.

"ಕೂಗಿ ಮೇಷ್ಟ್ರೇ!" ಪಕ್ಕದಲ್ಲಿದ್ದ ಯಜಮಾನರು ಪಿಸುಗುಟ್ಟಿದರು. ಈ ಕಾಡಿನಲ್ಲಿ ನನಗೆ ದಾರಿ ತೋರಿಸುವವರು ಅವರು; ಪುಸ್ತಕ ಹಿಡಿದು ತಿರುಗುವ ನಾನು ಇಲ್ಲಿಯವರಿಗೆಲ್ಲ ಮೇಷ್ಟ್ರು.

"ನನ್ನ ದನಿಗೆ ಅವು ಹೆದರಲ್ಲ ಯಜಮಾನ್ರೇ."

"ಹಾಗಾದ್ರೆ ಪೂಜೆ ಮಾಡ್ತಾ ಕೂತ್ಕೊಳ್ಳೋಣ್ವಾ?"

ಎದ್ದು ನಿಂತೆ.

"ಗನ್ ಇಳಿಸು!"

ಅವನು ತಿರುಗಿದ. ಗಾಬರಿಯೇ ಇಲ್ಲ. ನಕ್ಕ.

"ಓಹೋ, ಮೇಷ್ಟ್ರು! ಬನ್ನಿ ಬನ್ನಿ. ನಿಮ್ಮ ಶರ್ಟು ಕಂಕುಳಲ್ಲಿ ಸ್ವಲ್ಪ ಟೈಟು."

"ಅವು ನನ್ನ ಕೋತಿಗಳು."

"ಹಾಗಂತ ಅವಕ್ಕೆ ಹೇಳಿ. ನನ್ನ ಎದುರಿಗೂ ಆರಾಮಾಗಿ ಕೂತಿವೆ."

"ಆ ಸದ್ದು ಯಾರು ಹೇಳಿಕೊಟ್ಟರು?"

"ನೀವೇ! ಮಳೆಗಾಲ ಪೂರ್ತಿ ನಿಮ್ಮ ಬೆನ್ನ ಹಿಂದೇನೇ ಇದ್ದೆ. ನೀವು ಕೋತಿ ನೋಡ್ತಾ ಇದ್ರಿ. ನಾನು ನಿಮ್ಮನ್ನ ನೋಡ್ತಾ ಇದ್ದೆ. ಒಂದು ಸಲಾನೂ ಹಿಂದೆ ತಿರುಗಲಿಲ್ಲವಲ್ಲ ಮೇಷ್ಟ್ರೇ!"

ಇವನನ್ನು ಇವತ್ತು ಓಡಿಸಬಹುದು. ನಾಳೆ? ಶರ್ಟು ಅಂಗಡಿಯಲ್ಲಿ ಸಿಗುತ್ತದೆ. ನಾಲಿಗೆ ಎಲ್ಲರ ಬಾಯಲ್ಲೂ ಇದೆ.

ಕಲ್ಲು ಎತ್ತಿಕೊಂಡೆ.

"ಎಸೀರಿ ನೋಡೋಣ," ಎಂದು ಗನ್ ನನ್ನ ಎದೆಗೆ ಹಿಡಿದ.

ಅಜ್ಜಿ ತಲೆಯೆತ್ತಿ ನನ್ನನ್ನು ನೋಡಿದಳು. ಮತ್ತೆ ಹಣ್ಣಿಗೆ ಕೈ ಹಾಕಿದಳು.

ಅಜ್ಜಿಗೇ ಎಸೆದೆ!

ಗುರಿ ತಪ್ಪಲಿ ಎಂದುಕೊಂಡೇ ಎಸೆದಿದ್ದೆ. ತಪ್ಪಲಿಲ್ಲ. ಭುಜಕ್ಕೆ ಬಿತ್ತು. ಅವಳು ಚಿರತೆ ಕಂಡಾಗ ಕೂಗುವ ಕೂಗು ಕೂಗಿದಳು. ಇಡೀ ಗುಂಪು ಸಿಡಿದೆದ್ದಿತು! ಹರಕು ಕಿವಿ ಮರಿಯನ್ನು ಅವುಚಿಕೊಂಡು ಮರ ಹತ್ತಿದಳು. ನಾನು ಅರಚುತ್ತ, ಕೈಗೆ ಸಿಕ್ಕಿದ್ದನ್ನೆಲ್ಲ ಬೀಸುತ್ತ ಅವುಗಳ ಮಧ್ಯೆ ನುಗ್ಗಿದೆ.

ಢಮ್!

ಕಿವಿಯ ಪಕ್ಕದಲ್ಲೇ ಗಾಳಿ ಸೀಳಿತು. ಒಂಟಿ ನಳಿಕೆ. ಮತ್ತೆ ತುಂಬಲು ಹೊತ್ತು ಬೇಕು. ಆ ಹೊತ್ತನ್ನು ನಾನು ಕೊಡಲಿಲ್ಲ. ಅವನ ಮೇಲೆ ಹಾರಿದೆ. ಅವನ ಮೊಣಕೈ ನನ್ನ ಹಲ್ಲಿಗೆ, ನನ್ನ ಮಂಡಿ ಅವನ ಹೊಟ್ಟೆಗೆ. ಯಜಮಾನರು ಚೀಲದವನ ತಲೆಗೆ ಅವನ ಚೀಲವನ್ನೇ ಕವುಚಿ ಒದೆಯುತ್ತಿದ್ದರು. ಬಂದೂಕು ಹಳ್ಳಕ್ಕೆ ಹಾರಿತು. ಇಬ್ಬರೂ ತಪ್ಪಿಸಿಕೊಂಡು ಓಡಿದರು. ಬೆನ್ನಟ್ಟಿದೆವು... ಮುಳ್ಳು, ಕೆಸರು, ಇಳಿಜಾರು... ರಸ್ತೆ ಸಿಕ್ಕಾಗ ಜೀಪು ಧೂಳೆಬ್ಬಿಸಿ ಹೊರಟಿತ್ತು.

"ಮತ್ತೆ ಬರ್ತೀನಿ ಮೇಷ್ಟ್ರೇ!"

ಅರಣ್ಯ ಇಲಾಖೆಯ ಆಫೀಸಿಗೆ ಹೋದೆ. ಅಧಿಕಾರಿ ನನ್ನ ಒಡೆದ ತುಟಿ ನೋಡಿ ಕುರ್ಚಿ ಕೊಟ್ಟರು.

"ಹಿಡೀಬೇಕು ಅಂದ್ರೆ ಗಾಡಿ ಬೇಕು."

"ಹೊರಗೆ ನಿಂತಿದೆಯಲ್ಲ ಸಾರ್?"

"ನಿಂತಿದೆ. ನಿಲ್ಲೋದು ಬಿಟ್ಟು ಬೇರೇನೂ ಅದಕ್ಕೆ ಬರಲ್ಲ."

ಮರುದಿನ ಬೆಳಿಗ್ಗೆ ಒಗೆದ ಬೂದು ಶರ್ಟು ತೊಟ್ಟೆ. ಯಜಮಾನರು ಬಾಗಿಲಿಗೆ ಅಡ್ಡ ನಿಂತರು.

"ಒಂದು ದಿನ ಹೊಡೆದಿದ್ದು ಸಾಲದಾ?"

"ಸಾಲದು. ಒಂದೇ ಸಲ ಆದ್ರೆ ಮರೆತುಬಿಡ್ತವೆ."

"ಕ್ಷಮಿಸಿಬಿಡ್ತವೆ ಅನ್ನಿ."

ಅವರನ್ನು ಬಳಸಿಕೊಂಡು ಹೊರಟೆ. ಅತ್ತಿ ಮರದ ಬಳಿ ಟೊಕ್, ಟೊಕ್ ಎಂದೆ. ಎಳೆಯವೆರಡು ಇಣುಕಿದವು. ಕಲ್ಲು ಬೀಸಿದೆ. ಮಾರನೆಯ ದಿನವೂ. ಅದರ ಮಾರನೆಯ ದಿನವೂ. ಕಟ್ಟಲು ವರ್ಷಗಳು ಹಿಡಿದದ್ದನ್ನು ಕೆಡವಲು ಒಂದು ತಿಂಗಳೂ ಬೇಕಾಗಲಿಲ್ಲ. ಆಮೇಲೆ ಸದ್ದು ಮಾಡುವುದೇ ತಡ, ಕಾಡಿನ ನೆತ್ತಿಯಿಂದ ಅಜ್ಜಿಯ ಕೂಗು ಕೇಳುತ್ತಿತ್ತು. ಹದ್ದಿಗೆ ಕೂಗುವ ಕೂಗಲ್ಲ. ಚಿರತೆಗೆ ಕೂಗುವ ಕೂಗು. ಒಂದೊಂದು ಸಲ ಎಲೆಗಳ ನಡುವೆ ಅವಳು ಕಾಣುತ್ತಿದ್ದಳು. ಒಂದು ಕೈ ಸ್ವಲ್ಪ ಎಳೆದು ಹತ್ತುತ್ತಿದ್ದಳು.

ಯೂನಿವರ್ಸಿಟಿಯಿಂದ ನನ್ನ ಸಂಶೋಧನೆಯ ಗೈಡ್ ಫೋನ್ ಮಾಡಿದರು.

"ಗುಂಪು ಕಳಕೊಂಡೆಯಂತೆ?"

"ಹೌದು ಸಾರ್."

"ಹೊಸ ಗುಂಪು ಹುಡುಕು. ಮೊದಲಿನಿಂದ ರೂಢಿ ಮಾಡಿಸು."

"ಇಲ್ಲ ಸಾರ್. ಇನ್ನು ಯಾರಿಗೂ ಮಾಡಿಸಲ್ಲ."

ಟ್ರಂಕಿಗೆ ಬಟ್ಟೆ ತುಂಬುತ್ತಿದ್ದಾಗ ಊರಿನಿಂದ ಅಕ್ಕನ ಫೋನ್. ಮದುವೆಯಾಗದ ತಮ್ಮನ ಮೇಲೆ ಅವಳಿಗೆ ಮುಗಿಯದ ಸಿಟ್ಟು; ಕೋತಿಗಳನ್ನೇ ನನ್ನ ಅತ್ತೆ ಮನೆ ಎನ್ನುತ್ತಾಳೆ.

"ನಿನ್ನ ಅತ್ತೆ ಮನೆಯವರು ಹೇಗಿದಾರೋ?"

"ಎಲ್ಲಾ ಜೀವಂತ ಇದಾರೆ ಅಕ್ಕ."

"ಅಜ್ಜಿ?"

"ಚುರುಕಾಗಿದಾಳೆ. ನೋಡನೋಡ್ತಾ ತುದಿ ಕೊಂಬೆ ಹತ್ತಿಬಿಡ್ತಾಳೆ."

"ಅಬ್ಬಾ, ಆ ವಯಸ್ಸಲ್ಲಿ! ನನಗೆ ಮಹಡಿ ಹತ್ತೋಕೇ ಆಗಲ್ಲ ಕಣೋ."

ನಕ್ಕಳು. ನಾನೂ ನಕ್ಕೆ.

ಯಾರನ್ನು ಕಂಡು ಅಜ್ಜಿ ಅಷ್ಟು ಮೇಲೆ ಹತ್ತುತ್ತಾಳೆ ಎಂಬುದನ್ನು ಮಾತ್ರ ಅಕ್ಕನಿಗೆ ನಾನು ಹೇಳಲೇ ಇಲ್ಲ.